ಹಳೆ ಸೀರೆಯ ಹೊಸ ತೋರಣ

ಹೊಲಿಗೆ ಹೆಣ್ಣುಮಕ್ಕಳ ಕೆಲಸ ಎಂದು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಾನು ಗುಮಾಸ್ತನಾಗಿದ್ದ ಕಾಲದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬಂದಿರಲಿಲ್ಲ. ದಿನದ ವೋಚರ್‌ಗಳನ್ನೆಲ್ಲ ಜೋಡಿಸಿ, ದಬ್ಬಳಕ್ಕೆ ದಾರ ಪೋಣಿಸಿ, ಹೊಲಿದು ಕಟ್ಟಿಡುತ್ತಿದ್ದೆವು. ನನ್ನ ಹೊಲಿಗೆಯ ಪಾಠ ಶುರುವಾದದ್ದು ಅಲ್ಲಿಂದಲೇ!

ನನ್ನಾಕೆ ಹೋಗಿ ಎರಡು ವರ್ಷವಾಯಿತು. ಅವಳ ನೂಲಿನ ಸೀರೆಗಳು ಟ್ರಂಕಿನಲ್ಲೇ ಇದ್ದವು. ಯಾರಿಗಾದರೂ ಕೊಡಲು ಮನಸ್ಸು ಬಾರದು, ತೆಗೆದು ನೋಡಲು ಧೈರ್ಯ ಸಾಲದು. ಮೊದಲ ವರ್ಷದ ನವರಾತ್ರಿಗೆ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಬೊಂಬೆಯನ್ನೂ ಕೂರಿಸಲಿಲ್ಲ. ಕಳೆದ ದಸರಾ ರಜೆಗೆ ಬಂದ ಮೊಮ್ಮಗ, ಆರನೇ ತರಗತಿಯವನು, “ತಾತ, ಈ ಸಲ ಬೊಂಬೆ ಇಡೋಣ, ಅಜ್ಜಿ ಸೀರೆಯಲ್ಲೇ ಅಲಂಕಾರ ಮಾಡೋಣ” ಎಂದ. ನನ್ನ ಮಗಳು ಏನೂ ಮಾತಾಡದೆ ಟ್ರಂಕಿನ ಬೀಗದಕೈ ತಂದುಕೊಟ್ಟಳು.

ಒಂದು ಬಿಳಿ ಸೀರೆ ಬೊಂಬೆ ಮೆಟ್ಟಿಲಿಗೆ ಹಾಸಾಯಿತು. ಹಸಿರು ಸೀರೆ ಬಾಗಿಲಿಗೆ ಮಾವಿನೆಲೆಯ ತೋರಣವಾಯಿತು. ನೀವೂ ಮಾಡಬಹುದು, ಬಹಳ ಸುಲಭ.

ಮೂರು ಅಡಿ ಅಗಲದ ಬಾಗಿಲಿಗೆ 12 ಎಲೆ ಬೇಕು. ಮೊದಲು ರಟ್ಟಿನಲ್ಲಿ 7 ಅಂಗುಲ ಉದ್ದ, 4 ಅಂಗುಲ ಅಗಲದ ಎಲೆ ಕತ್ತರಿಸಿ. ಅದರ ತುದಿ ಚೂಪಾಗಿರಲಿ, ಮೇಲ್ಭಾಗ ನೇರವಾಗಿರಲಿ. ಅದೇ ಅಳತೆಗೆ 24 ಬಟ್ಟೆಯ ತುಂಡು ಮಾಡಿ. ಎರಡೆರಡನ್ನು ಒಳಮೈ ಹೊರಗೆ ಬರುವಂತೆ ಜೋಡಿಸಿ, ಅಂಚಿನಿಂದ ಅರ್ಧ ಅಂಗುಲ ಬಿಟ್ಟು ಸಾದಾ ಹೊಲಿಗೆ ಹಾಕಿ. ಮೇಲ್ಭಾಗವನ್ನು ಮಾತ್ರ ಹೊಲಿಯಬೇಡಿ. ಅಲ್ಲಿಂದ ಎಲೆಯನ್ನು ಮಗುಚಿ, ಇಸ್ತ್ರಿ ಮಾಡಿ.

ಎಲೆಯ ನಡುವೆ ನರ ಬೇಕಲ್ಲ? ಹಳದಿ ದಾರದಲ್ಲಿ ಸೂಜಿಯನ್ನು ಮೇಲೆ ಕೆಳಗೆ ಓಡಿಸುತ್ತ ತುದಿಯವರೆಗೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಧಾರವಾಡದ ಕಡೆಯ ಕಸೂತಿಯಲ್ಲಿ ಇದಕ್ಕೆ ಗವಂತಿ ಎನ್ನುತ್ತಾರೆ. ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ನಮ್ಮ ಲೆಡ್ಜರಿನ ಜಮಾ–ಖರ್ಚು ತಾಳೆಯಾದ ಹಾಗೆ!

ಕೊನೆಗೆ 48 ಅಂಗುಲ ಉದ್ದ, 4 ಅಂಗುಲ ಅಗಲದ ಪಟ್ಟಿಯ ಅಂಚುಗಳನ್ನು ಒಳಕ್ಕೆ ಮಡಿಸಿ, ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ. ಎಲೆಗಳ ಮೇಲ್ಭಾಗವನ್ನು ಅದರೊಳಗೆ ಸೇರಿಸಿ ಹೊಲಿಯಿರಿ. ಎರಡು ಕಡೆಯೂ ಆರಾರು ಅಂಗುಲ ಬಿಟ್ಟರೆ ಮೊಳೆಗೆ ಕಟ್ಟಲು ಅನುಕೂಲ.

ಹಳೆ ಬಟ್ಟೆಯ ಬೆಲೆ ಬಲ್ಲವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆ ಸೀರೆ, ಅಂಗಿಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಟ್ಟಮೇಲೆಯೇ ಆ ಕೌದಿ ಪೂರ್ತಿಯಾದಂತೆ.

ನನಗೀಗ 74. ಸೂಜಿಯ ಕಣ್ಣು ಸರಿಯಾಗಿ ಕಾಣದು. ಮೊಮ್ಮಗ ಪೋಣಿಸಿಕೊಟ್ಟ, ನಾನು ಹೊಲಿದೆ. ಆರನೇ ಎಲೆಯ ಹೊತ್ತಿಗೆ ಸೂಜಿ ಅವನ ಕೈಗೆ ಹೋಗಿತ್ತು. ಹೊಲಿಯುತ್ತ ಹೊಲಿಯುತ್ತ, “ಅಜ್ಜಿ ಈ ಸೀರೆ ಯಾವಾಗ ಉಡುತ್ತಿದ್ದರು?” ಎಂದು ಕೇಳಿದ. ದೇವರಾಜ ಮಾರುಕಟ್ಟೆಗೆ ಹೂವು ತರಲು ಹೋಗುವಾಗ ಎಂದೆ. ಎರಡು ವರ್ಷದಲ್ಲಿ ಅವಳ ಬಗ್ಗೆ ನಾವು ನಗುನಗುತ್ತ ಮಾತಾಡಿದ್ದು ಅಂದೇ ಮೊದಲು.

ಮಕ್ಕಳೇ, ಮನೆಯಲ್ಲಿ ಹಿರಿಯರಿದ್ದರೆ ಇಂದೇ ಅವರ ಸೂಜಿಗೆ ದಾರ ಪೋಣಿಸಿಕೊಡಿ. ಮಿಕ್ಕದ್ದನ್ನು ಅವರೇ ಹೇಳಿಕೊಡುತ್ತಾರೆ.