ಗಾಳಿಗೆ ತಲೆ ತಗ್ಗಿಸಿದ ಮನೆ

ಮಕ್ಕಳೇ, ಕಮಾನು ಗಾಡಿ ಎಂದರೆ ಏನೆಂದು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಎತ್ತಿನ ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ ಜಮಖಾನ ಹರಡಿದರೆ ಸಾಕು, ಜಾತ್ರೆ ಮುಗಿಯುವವರೆಗೆ ಅದೇ ಮನೆ. ಬುತ್ತಿ, ಪಾತ್ರೆ, ಮಕ್ಕಳು ಎಲ್ಲಾ ಅದರೊಳಗೇ.

ಅಮೆರಿಕದಲ್ಲಿರುವ ನನ್ನ ಮಗ ಅಂಥದೇ ಒಂದು ಮನೆಯನ್ನು ತನ್ನ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿಕೊಂಡಿದ್ದಾನೆ. ಅದರ ಹೆಸರು ಪಾಪ್-ಅಪ್ ಕ್ಯಾಂಪರ್. ಒಳಗೆ ಪುಟ್ಟ ಒಲೆ, ನೀರಿನ ತೊಟ್ಟಿ, ಊಟದ ಮೇಜು ಇವೆ. ರಾತ್ರಿ ಆ ಮೇಜನ್ನೇ ತಗ್ಗಿಸಿ ಹಾಸಿಗೆ ಮಾಡಬಹುದು. ಡ್ರೈವರ್ ಕೂರುವ ಜಾಗದ ಮೇಲ್ಭಾಗಕ್ಕೆ ಇನ್ನೊಂದು ಹಾಸಿಗೆ. ಇದರ ಚಮತ್ಕಾರ ಇರುವುದು ಚಾವಣಿಯಲ್ಲಿ. ರಸ್ತೆಯಲ್ಲಿ ಹೋಗುವಾಗ ಅದು ಆಮೆ ಕತ್ತು ಒಳಗೆಳೆದುಕೊಂಡ ಹಾಗೆ ತಗ್ಗಿರುತ್ತದೆ. ನಿಂತ ಮೇಲೆ ಒಳಗಿನಿಂದ ತಳ್ಳಿದರೆ ಸುಮಾರು ಎರಡು ಅಡಿ ಮೇಲೇಳುತ್ತದೆ. ಆ ಎರಡು ಅಡಿಗೆ ಗೋಡೆ ಎಂದರೆ ದಪ್ಪನೆಯ ಬಟ್ಟೆ, ಅಷ್ಟೇ.

ಬಟ್ಟೆಯ ಗೋಡೆ ಎಂದು ಕೇಳಿದ ಕೂಡಲೇ ನನ್ನ ಎದೆ ಡವಗುಟ್ಟಿತು. ಅದಕ್ಕೆ ಕಾರಣವಿದೆ. ಚಿತ್ರದುರ್ಗದ ಸೀಮೆಯ ನಮ್ಮ ಹಳ್ಳಿಯಲ್ಲಿ, ನನಗೆ ಎಂಟು ವರ್ಷವಿದ್ದಾಗ, ಒಂದು ಬೇಸಿಗೆಯ ಸಂಜೆ ಬಿರುಗಾಳಿ ಎದ್ದು ನಮ್ಮ ಕೊಟ್ಟಿಗೆಯ ತಗಡನ್ನು ಹಾರಿಸಿಕೊಂಡು ಹೋಯಿತು. ಅಪ್ಪ ತಗಡಿನ ಮೇಲೆ ಕಲ್ಲು ಹೇರಿದ್ದರು. ಗಾಳಿ ಕೆಳಗಿನಿಂದ ನುಗ್ಗಿ ಕಲ್ಲನ್ನೂ ಸೇರಿಸಿ ಎತ್ತಿಬಿಟ್ಟಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಹತ್ತು ವರ್ಷದ ಮೊಮ್ಮಗನೂ ಗಾಳಿ ಎಂದರೆ ಹೆದರುತ್ತಿದ್ದ. ಹಿಂದಿನ ಪ್ರವಾಸದಲ್ಲಿ ರಾತ್ರಿಯಿಡೀ ಬಟ್ಟೆ ಪಟಪಟ ಹೊಡೆದುಕೊಂಡು ಅವನು ನಿದ್ದೆ ಮಾಡಿರಲಿಲ್ಲವಂತೆ. ಈ ಸಲ "ಅಜ್ಜಿ ಬಂದರೆ ಮಾತ್ರ ಬರ್ತೀನಿ" ಎಂದು ಹಟ ಹಿಡಿದ. ಸೊಸೆಗೆ ಆಸ್ಪತ್ರೆಯ ಡ್ಯೂಟಿ. ಹೀಗೆ ಹೆದರುವ ಇಬ್ಬರು, ಹೆದರದ ಒಬ್ಬ, ಮೂವರೂ ಏಪ್ರಿಲ್‌ನಲ್ಲಿ ಹೊರಟೆವು.

ಹೋದದ್ದು ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಗೆ. ಪಶ್ಚಿಮಕ್ಕೆ ಹಿಮ ಹೊತ್ತ ಸಿಯೆರಾ ನೆವಾಡಾ ಪರ್ವತಸಾಲು. ಅಲ್ಲಿನ ವಿಟ್ನಿ ಶಿಖರ 14,505 ಅಡಿ ಎತ್ತರ, ಕೆಳಗಿನ ಲೋನ್ ಪೈನ್ ಊರು ಸುಮಾರು 3,700 ಅಡಿ. ಪರ್ವತದ ಮೇಲಿಂದ ಹಾಯ್ದು ಬರುವ ಗಾಳಿ, ಕೆರೆ ತುಂಬಿ ಕೋಡಿ ಬಿದ್ದ ನೀರಿನ ಹಾಗೆ ಈ ಇಳಿಜಾರಿನಲ್ಲಿ ಧುಮುಕುತ್ತದೆ. ಈ ಗಾಳಿಯ ಅಲೆಗಳನ್ನು ಅಳೆಯಲು 1951–52ರಲ್ಲಿ ವಿಜ್ಞಾನಿಗಳು ಇದೇ ಕಣಿವೆಯ ಬಿಷಪ್ ಊರಿನಿಂದ ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳನ್ನು ಹಾರಿಸಿದ್ದರು.

ನಾವು ತಂಗಿದ್ದು ಲೋನ್ ಪೈನ್ ಪಕ್ಕದ ಅಲಬಾಮಾ ಹಿಲ್ಸ್‌ನಲ್ಲಿ. ಗುಂಡಗುಂಡಗಿನ ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಗಾಡಿ ಇಳಿದವಳೇ "ಅಯ್ಯೋ, ಇದು ನಮ್ಮ ದುರ್ಗವೇ! ಏಳು ಸುತ್ತಿನ ಕೋಟೆಯೊಂದು ಇಲ್ಲ ನೋಡು" ಎಂದೆ.

ಸಂಜೆ ದಕ್ಷಿಣದಿಂದ ಗಾಳಿ ಬೀಸುತ್ತಿತ್ತು. ಮಗ ಟ್ರಕ್ಕಿನ ಮೂತಿಯನ್ನು ದಕ್ಷಿಣಕ್ಕೇ ತಿರುಗಿಸಿ ನಿಲ್ಲಿಸಿದ.

"ಗಾಳಿಗೆ ಬೆನ್ನು ಕೊಡೋದಲ್ವೇನೋ?" ಎಂದು ಕೇಳಿದೆ.

"ಇಲ್ಲಮ್ಮ, ಮುಖ ಕೊಡಬೇಕು. ಗಾಡಿಯ ಪಕ್ಕ ಅಗಲ, ಮುಂಭಾಗ ಕಿರಿದು. ಕಿರಿದಾದ ಕಡೆ ಗಾಳಿ ಬಡಿದರೆ ಅಲುಗಾಟ ಕಡಿಮೆ. ಬಾಗಿಲು ಹಿಂದೆ ಇರೋದರಿಂದ ಅದು ಗಾಳಿಗೆ ಮರೆಯಾಗುತ್ತೆ. ಬಾಗಿಲು ತೆಗೆದಾಗ ಗಾಳಿ ಒಳಗೆ ನುಗ್ಗಿ ಚಾವಣಿ ಎತ್ತೋದಿಲ್ಲ."

ನನಗೆ ಅಪ್ಪನ ತಗಡು ಕಣ್ಣ ಮುಂದೆ ಬಂತು. ಅಂದು ಕೊಟ್ಟಿಗೆಯ ಬಾಯಿ ಗಾಳಿಯ ಕಡೆಗೇ ತೆರೆದಿತ್ತು.

ಮೊಮ್ಮಗನಿಗೆ ಧೈರ್ಯ ಬರಲೆಂದು ಅವನ ಕೈಯಲ್ಲಿ ಲೆಕ್ಕ ಮಾಡಿಸಿದೆ. ಮೂವತ್ತು ವರ್ಷ ಗಣಿತ ಪಾಠ ಮಾಡಿದವಳಲ್ಲವೇ! ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಗಾಳಿ ಎದುರಿನ ಒಂದು ಚದರ ಮೀಟರ್ ಮೇಲೆ ಸುಮಾರು 8 ಕಿಲೋ ಭಾರದಷ್ಟು ಒತ್ತುತ್ತದೆ. 80 ಕಿ.ಮೀ. ಆದರೆ ಅದು 30 ಕಿಲೋ ದಾಟುತ್ತದೆ. ಆಮೇಲೆ ಮಗ ಕ್ಯಾಂಪರನ್ನು ಟ್ರಕ್ಕಿಗೆ ಬಿಗಿದಿರುವ ತಿರುಪು ಕೊಕ್ಕೆಗಳನ್ನು ತೋರಿಸಿದ. ಹುಡುಗ ನಾಲ್ಕನ್ನೂ ಮುಟ್ಟಿ ಅಲುಗಿಸಿ ನೋಡಿ, "ಗಟ್ಟಿಯಾಗಿವೆ ಅಜ್ಜಿ" ಎಂದು ವರದಿ ಒಪ್ಪಿಸಿದ.

ಅವರಿಬ್ಬರೂ ಮೇಲಿನ ಹಾಸಿಗೆಯಲ್ಲಿ ಮಲಗಿದರು, ನಾನು ಕೆಳಗೆ. ನಡುರಾತ್ರಿ ಕಳೆದ ಮೇಲೆ ಗಾಳಿ ದಿಕ್ಕು ಬದಲಿಸಿ ಪಶ್ಚಿಮದ ಬೆಟ್ಟದಿಂದ ಇಳಿಯತೊಡಗಿತು. ಈಗ ಅದು ಬಡಿಯುತ್ತಿದ್ದದ್ದು ಗಾಡಿಯ ಪಕ್ಕಕ್ಕೆ. ಗಾಳಿ ಬಂದ ಕಡೆಯ ಬಟ್ಟೆ ಒಳಗೆ ಉಬ್ಬಿತು, ಆಚೆ ಕಡೆಯದು ಹೊರಗೆ ಉಬ್ಬಿತು. ಬಿಟ್ಟುಬಿಟ್ಟು ಬರುವ ಒಂದೊಂದು ಹೊಡೆತಕ್ಕೂ ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಮೇಲಿನಿಂದ ಸಣ್ಣ ದನಿ ಬಂತು: "ಅಜ್ಜಿ, ಎಚ್ಚರ ಇದ್ದೀಯಾ?"

"ಇದ್ದೀನಿ ಪುಟ್ಟ. ಕೆಳಗೆ ಬಾ."

ಅವನು ಇಳಿದು ಬಂದು ನನ್ನ ಹೊದಿಕೆಯೊಳಗೆ ಸೇರಿಕೊಂಡ. ಅವನ ಕೈ ತಣ್ಣಗಿತ್ತು. ನನ್ನದೂ ಅಷ್ಟೇ, ಆದರೆ ಅದು ಅವನಿಗೆ ತಿಳಿಯಬಾರದೆಂದು ಅವನ ಬೆನ್ನು ಸವರುತ್ತಾ ಹೊಡೆತಗಳ ನಡುವಿನ ಹೊತ್ತನ್ನು ಎಣಿಸತೊಡಗಿದೆ. "ಒಂದು, ಎರಡು, ಮೂರು..." ಅವನೂ ದನಿಗೂಡಿಸಿದ.

ಮಗ ಒಂದೇ ಮಾತು ಹೇಳಿದ: "ಚಾವಣಿ ಇಳಿಸೋಣ."

ಇಳಿಸುವುದು ಸುಲಭವಲ್ಲ. ಅರ್ಧ ಇಳಿದಾಗ ಒಳಗಿನ ಗಾಳಿಗೆ ಹೊರಹೋಗಲು ದಾರಿ ಬೇಕು. ಇಲ್ಲದಿದ್ದರೆ ಬಟ್ಟೆ ಬಲೂನಿನಂತೆ ಉಬ್ಬಿ ಹೊರಗೆ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಗಾಳಿ ಬರುವ ಕಡೆಯ ಕಿಟಕಿ ತೆಗೆಯುವಂತಿಲ್ಲ. ಮೊಮ್ಮಗ ಗಾಳಿಗೆ ಮರೆಯಾದ ಪೂರ್ವದ ಕಿಟಕಿಯ ಜಿಪ್ ಸ್ವಲ್ಪ ಎಳೆದ. ಹೊಡೆತ ತಗ್ಗುವ ಹೊತ್ತಿಗೆ ಕಾದು ನಾನು "ಈಗ!" ಎಂದೆ. ಮಗ ಮೊದಲು ಹಿಂಭಾಗ, ಆಮೇಲೆ ಮುಂಭಾಗ ಎಳೆದು ಇಳಿಸಿದ. ನಾವಿಬ್ಬರೂ ಬಟ್ಟೆಯನ್ನು, ಸೀರೆಯ ನೆರಿಗೆ ಒಳಗೆ ಸಿಕ್ಕಿಸುವ ಹಾಗೆ, ಒಳಕ್ಕೆ ಎಳೆದುಕೊಂಡೆವು. ಮಗ ಟಾರ್ಚ್ ಹಿಡಿದು ಹೊರಗೆ ಹೋಗಿ ಸುತ್ತಲಿನ ಕೊಂಡಿಗಳನ್ನೆಲ್ಲ ಹಾಕಿದ. ಬಳಿಕ ನಾವು ಮುಂದಿನ ಸೀಟಿಗೆ ಹೋಗಿ ಕೂತೆವು. ಟ್ರಕ್ಕನ್ನು ಒಂದು ದೊಡ್ಡ ಬಂಡೆಯ ಮರೆಗೆ ಸರಿಸಿ, ಮೂತಿಯನ್ನು ಪಶ್ಚಿಮಕ್ಕೆ ತಿರುಗಿಸಿದ್ದಾಯಿತು.

ಮತ್ತೆ ಒಳಗೆ ಬಂದಾಗ ನೆಟ್ಟಗೆ ನಿಲ್ಲಲೂ ಜಾಗವಿಲ್ಲ. ಮೂವರೂ ಬಗ್ಗಿಕೊಂಡು, ಕೆಳಗಿನ ಹಾಸಿಗೆಯಲ್ಲೇ ಒತ್ತೊತ್ತಾಗಿ ಕೂತೆವು. ಆದರೆ ಎಂಥ ವ್ಯತ್ಯಾಸ! ಬಟ್ಟೆಯ ಪಟಪಟ ನಿಂತಿತ್ತು, ತೂಗಾಟ ತಗ್ಗಿತ್ತು. ಹೊರಗೆ ಗಾಳಿ ಮಾತ್ರ ಮೊದಲಿನಷ್ಟೇ ಜೋರು. ಮೊಮ್ಮಗ ಕೇಳಿದ, "ಹಾಗಾದರೆ ನಾವು ಸೋತೆವಾ ಅಜ್ಜಿ?"

"ಗಾಳಿ ಬಂದಾಗ ತೂರಿಕೋ ಅಂತಾರೆ. ಕಣದಲ್ಲಿ ರಾಶಿ ಇದ್ದವರಿಗೆ ಆ ಮಾತು. ನಮ್ಮ ಹತ್ತಿರ ರಾಶಿ ಇಲ್ಲವಲ್ಲ, ತಗ್ಗಿಕೊಂಡೆವು" ಎಂದೆ. ಅವನು ನಕ್ಕ. ಸ್ವಲ್ಪ ಹೊತ್ತಿಗೆ ನನ್ನ ತೊಡೆಯ ಮೇಲೆ ನಿದ್ದೆ ಹೋದ.

ಬೆಳಿಗ್ಗೆ ನೋಡಿದರೆ ಬಟ್ಟೆ ಎಲ್ಲೂ ಹರಿದಿರಲಿಲ್ಲ. ಹೆದ್ದಾರಿ 395ರ ಫಲಕದಲ್ಲಿ ಜೋರು ಗಾಳಿಯಿದೆ, ಕ್ಯಾಂಪರ್ ಮತ್ತು ಟ್ರೈಲರ್‌ಗಳು ಹೋಗುವುದು ಒಳ್ಳೆಯದಲ್ಲ ಎಂದು ಎಚ್ಚರಿಕೆ ಬೆಳಗುತ್ತಿತ್ತು. ತಗ್ಗಿದ ಚಾವಣಿಯ ನಮ್ಮ ಗಾಡಿ ಎತ್ತರದ ಡಬ್ಬಿ ಮನೆಗಳಷ್ಟು ಗಾಳಿ ಹಿಡಿಯುವುದಿಲ್ಲ, ನಿಜ. ಆದರೂ ಮಗ ಗಾಳಿ ಇಳಿಯುವ ತನಕ ಊರಲ್ಲೇ ಕಾದ.

ಮಧ್ಯಾಹ್ನ ಹತ್ತಿರದ ಮ್ಯಾಂಜನಾರ್‌ಗೆ ಹೋದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಜಪಾನಿ ಮೂಲದ ಸಾವಿರಾರು ಅಮೆರಿಕನ್ನರನ್ನು ಕುಟುಂಬಸಮೇತ ಇಲ್ಲಿ ಕೂಡಿಹಾಕಿದ್ದರು. ಅವರಿದ್ದದ್ದು ಹಲಗೆಗೆ ಟಾರು ಕಾಗದ ಹೊಡೆದ ಮನೆಗಳಲ್ಲಿ. ಸಂದುಗಳಿಂದ ಗಾಳಿ ಮರಳನ್ನು ಒಳಗೆ ತೂರುತ್ತಿತ್ತು. ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಿರುವ ಅಂಥ ಒಂದು ಮನೆಯ ಗೋಡೆಗೆ ಕೈಯಿಟ್ಟು ಮೊಮ್ಮಗ ಬಹಳ ಹೊತ್ತು ನಿಂತಿದ್ದ.

"ಅಜ್ಜಿ, ಇವರಿಗೆ ಮನೆ ತಿರುಗಿಸಿಕೊಳ್ಳೋಕೆ ಆಗ್ತಿರಲಿಲ್ಲ. ಬಿಟ್ಟು ಹೋಗೋಕೂ ಆಗ್ತಿರಲಿಲ್ಲ, ಅಲ್ವಾ?"

ನಾನು ತಲೆಯಾಡಿಸಿದೆ. ಅಂದಿನಿಂದ ಅವನು ಗಾಳಿಯ ವಿಷಯ ದೂರಿದ್ದನ್ನು ನಾನು ಕೇಳಿಲ್ಲ.

ಮಕ್ಕಳೇ, ಆಷಾಢದಲ್ಲಿ ಕೊಡೆ ಹಿಡಿದು ಶಾಲೆಗೆ ಹೋಗುವಾಗ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ನೋಡಿಕೊಳ್ಳಿ. ಕೊಡೆಯನ್ನು ಅದಕ್ಕೆ ಎದುರಾಗಿ ತಗ್ಗಿಸಿ ಹಿಡಿಯಿರಿ. ಗಾಳಿ ತೀರಾ ಜೋರಾದರೆ ಮಡಚಿಕೊಂಡು ಯಾವುದಾದರೂ ಜಗಲಿಯಲ್ಲಿ ನಿಂತುಕೊಳ್ಳಿ. ಸ್ವಲ್ಪ ತಡವಾದರೆ ಟೀಚರ್ ಬೈಯುವುದಿಲ್ಲ. ನಾನಂತೂ ಬೈಯುತ್ತಿರಲಿಲ್ಲ.