ಸುಳೇಭಾವಿಯ ಆ ಹುಡುಗ

ಘಟಪ್ರಭಾದಿಂದ ಬೆಳಗಾವಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋದವರಿಗೆ ಈ ದಾರಿ ಗೊತ್ತಿರುತ್ತದೆ. ಗೋಕಾಕ ರೋಡ್, ಹುಕ್ಕೇರಿ ತಾಲೂಕಿನ ಪಾಶ್ಚಾಪುರ, ಆಮೇಲೆ ಸುಲಧಾಳ, ಅದನ್ನು ದಾಟಿದರೆ ಸುಳೇಭಾವಿ ಅನ್ನುವ ಸಣ್ಣ ಸ್ಟೇಶನ್. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮಂಥವರಿಗೆ ಸುಳೇಭಾವಿ ಅಂದರೆ ಲಕ್ಷ್ಮೀ ಜಾತ್ರೆ, ಅಷ್ಟೇ. 1924ರ ಏಪ್ರಿಲ್ 8ರಂದು ಅದೇ ಊರಲ್ಲಿ ಶಿವಪುತ್ರ ಅನ್ನುವ ಹುಡುಗ ಹುಟ್ಟಿದ. ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕುಮಾರ ಗಂಧರ್ವ ಅಂದರೆ ಮಾತ್ರ "ಓ, ಅವರಾ! ಅವರು ಮರಾಠಿಯವರಲ್ವಾ?" ಅನ್ನುತ್ತಾರೆ. ಬೆಂಗಳೂರಿನಲ್ಲಿ ನನಗೆ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಅಪ್ಪ ಸಿದ್ಧರಾಮಯ್ಯನವರಿಗೆ ಸಂಗೀತದ ಹುಚ್ಚು. ಮನೆಯಲ್ಲಿ ಹಾಡು ಇದ್ದೇ ಇತ್ತು. ಹುಡುಗ ಇನ್ನೂ ಏಳೆಂಟು ವರ್ಷದವನು, ಒಮ್ಮಿಂದೊಮ್ಮೆಲೆ ಹಾಡಲು ಶುರು ಮಾಡಿದ. ಅದೂ ಹೇಗೆ? ಗ್ರಾಮೋಫೋನ್ ಪ್ಲೇಟಿನಲ್ಲಿ ಅಬ್ದುಲ್ ಕರೀಂ ಖಾನ್, ರಾಮಕೃಷ್ಣಬುವಾ ವಝೆ ಏನು ಹಾಡಿದ್ದಾರೋ ಅದನ್ನೇ, ಅವರ ಧ್ವನಿಯ ತಿರುವಿನ ಸಮೇತ ಒಪ್ಪಿಸುವುದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕೆಂದರೆ ಕಂಟ್ರೋಲ್ ಸಿ, ಕಂಟ್ರೋಲ್ ವಿ :) ಮಠದ ಸ್ವಾಮಿಗಳೊಬ್ಬರು ಕೇಳಿ ಮೆಚ್ಚಿ 'ಕುಮಾರ ಗಂಧರ್ವ' ಅಂದರು, ಅದೇ ಹೆಸರು ನಿಂತಿತು. ಊರೂರು ತಿರುಗಿ ಕಛೇರಿಗಳಾದವು, ಪ್ಲೇಟುಗಳೂ ಬಂದವು. 1936ರಲ್ಲಿ ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ಹಾಡಿದಾಗ ದೊಡ್ಡ ದೊಡ್ಡ ಉಸ್ತಾದರೇ ಬೆರಗಾದರಂತೆ. ಆಗ ಅವರಿಗೆ ಹನ್ನೆರಡೂ ತುಂಬಿರಲಿಲ್ಲವೇನೋ!

ಇಲ್ಲಿಗೆ ನಿಂತಿದ್ದರೆ ಈ ಕಥೆಯನ್ನು ನಾವು ಬೇಕಾದಷ್ಟು ಸಲ ನೋಡಿದ್ದೇವೆ. ಪೋರ್ಟೊರಿಕೊದಲ್ಲಿ 1977ರಲ್ಲಿ ಮೆನೂಡೊ ಅನ್ನುವ ಹುಡುಗರ ತಂಡ ಶುರುವಾಗಿತ್ತು. ರಿಕಿ ಮಾರ್ಟಿನ್ 1984ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಅದಕ್ಕೇ ಸೇರಿದ್ದು. ಹುಡುಗರಿಗೆ ಹದಿನಾರರ ಆಸುಪಾಸು ಬಂತೋ, ಹೊರಗೆ ಕಳಿಸಿ ಇನ್ನೊಬ್ಬ ಚಿಕ್ಕವನನ್ನು ತರುವುದು ಅಲ್ಲಿಯ ಪದ್ಧತಿ. ರಿಕಿ ಗೆದ್ದ, ಸರಿ. ಆ ತಂಡದಲ್ಲಿ ಬಂದು ಹೋದ ಉಳಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಕುಮಾರರಿಗೆ ಸಿಕ್ಕವರು ಬಿ. ಆರ್. ದೇವಧರ. ಮುಂಬಯಿಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದವರು. ಜಿನ್ನಾ ಹಾಲ್‌ನ ಕಾರ್ಯಕ್ರಮವೂ ಅವರದ್ದೇ. ಚಪ್ಪಾಳೆ ಗಿಟ್ಟಿಸಿದ ಹುಡುಗನಿಗೆ ರಾಗಗಳ ಒಳಗು ಏನೂ ಗೊತ್ತಿರಲಿಲ್ಲವಂತೆ! ದೇವಧರರು ಅವನನ್ನು ತಮ್ಮ ಬಳಿ ಇಟ್ಟುಕೊಂಡು ಮೊದಲಿನಿಂದ ಕಲಿಸಿದರು. ಅದೂ ವರ್ಷ ಎರಡು ವರ್ಷವಲ್ಲ, ಹತ್ತಕ್ಕೂ ಹೆಚ್ಚು ವರ್ಷ. ಬೇರೆ ಬೇರೆ ಘರಾಣೆಯವರನ್ನು ಕೇಳಿಸಿದರು, ಆಮೇಲೆ ಅದೇ ಶಾಲೆಯಲ್ಲಿ ಪಾಠ ಹೇಳಲೂ ಹಚ್ಚಿದರು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಗೋಕಾಕದಲ್ಲಿ ನಮ್ಮ ಅಕ್ಕನ ಮಗಳಿದ್ದಾಳೆ. ಒಂಬತ್ತು ವರ್ಷ. ಯಾವ ಸಿನಿಮಾ ಹಾಡು ಕೇಳಿದರೂ ಎರಡನೆಯ ಸಲಕ್ಕೆ ಹಾಗೇ ಹಾಡುತ್ತಾಳೆ, ಗಾಯಕಿ ಉಸಿರು ತೆಗೆದುಕೊಂಡ ಜಾಗವೂ ಬಿಡದೆ. ಟಿವಿಯ ಮಕ್ಕಳ ಸ್ಪರ್ಧೆಯ ಆಡಿಷನ್ ಮುಂದಿನ ತಿಂಗಳಿದೆ. ಮನೆಮಂದಿಯೆಲ್ಲ ತಯಾರಿ. ಎರಡು ವರ್ಷ ಯಾರ ಹತ್ತಿರವಾದರೂ ಕಲಿಯಲಿ, ಆಮೇಲೆ ನೋಡೋಣ ಅಂದೆ. ಅಕ್ಕನಿಗೆ ಸಿಟ್ಟು ಬಂತು. "ನಿಂಗೇನೋ ತಮ್ಮಾ, ಬೆಂಗಳೂರಾಗ ಕುಂತು ಹೇಳ್ತಿ. ದೊಡ್ಡಾಕಿ ಆದಮ್ಯಾಲೆ ಯಾರ್ ಕರೀತಾರ? ಈಗ ಸಣ್ಣಾಕಿ ಅದಾಳಂತ ಕೇಳ್ತಾರ" ಅಂದಳು. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ, ಅದೇ ಕಷ್ಟ.

ಇರಲಿ. ಕುಮಾರರ ಕಥೆಯಲ್ಲಿ ಮುಂದಿನದು ಇನ್ನೂ ಕಠಿಣ. 1947ರಲ್ಲಿ ಭಾನುಮತಿಯವರ ಜೊತೆ ಮದುವೆಯಾಯಿತು. ಹಿಂದೆಯೇ ಕ್ಷಯ. ಒಣಹವೆ ಒಳ್ಳೆಯದೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡುವುದು ಬಂದ್. ಭಾನುಮತಿ ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು, ಗಂಡನ ಆರೈಕೆಯನ್ನೂ ಮಾಡಿದರು. ಆಗಷ್ಟೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸಿತು. ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ಐದಾರು ವರ್ಷ ಹಾಸಿಗೆಯ ಮೇಲೆ ಮಲಗಿ ಅವರು ಮಾಡಿದ್ದು ಕೇಳುವುದನ್ನು. ಬೀದಿಯಲ್ಲಿ ಹೋಗುವ ಜೋಗಿಗಳ ಕಬೀರ, ಮಾಳವದ ಹೆಂಗಸರ ಹಾಡು...

ಇದನ್ನು ಓದುವಾಗಲೆಲ್ಲ ನನಗೆ ಮೂಡಲಗಿ ಕಡೆಯ ಪಾರಿಜಾತ ನೆನಪಾಗುತ್ತದೆ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಹುಟ್ಟಿದ ಸೀಮೆ ನಮ್ಮದು. ರಾತ್ರಿಯಿಡೀ ಹಾಡುವವರು ಇದ್ದಾರೆ, ಮಲಗಿಕೊಂಡು ಕಿವಿಗೊಟ್ಟ ಕುಮಾರ ಮಾತ್ರ ನಮಗೆ ಸಿಗಲಿಲ್ಲ.

1953ರ ಹೊತ್ತಿಗೆ ಮತ್ತೆ ಹಾಡಲು ಶುರು ಮಾಡಿದಾಗ ಅದು ಯಾರ ಪ್ಲೇಟಿನ ದನಿಯೂ ಆಗಿರಲಿಲ್ಲ. ಚಿಕ್ಕ ಚಿಕ್ಕ ತುಣುಕು, ಥಟ್ಟನೆ ಮೇಲೇರುವ ಸ್ವರ, ನಡುವೆ ಮೌನ. ಒಂದೇ ಶ್ವಾಸಕೋಶ ಇದ್ದದ್ದಕ್ಕೇ ಹಾಗೆ ಅನ್ನುವವರಿದ್ದಾರೆ. ನನಗೇನೋ ಅಷ್ಟೇ ಕಾರಣ ಅನ್ನಿಸುವುದಿಲ್ಲ. ಉಸಿರಿನ ಕೊರತೆಯಿಂದ ಹಾಡು ಚಿಕ್ಕದಾಗಬಹುದು, ಹೊಸ ರಾಗ ಹುಟ್ಟುವುದಿಲ್ಲವಲ್ಲ! ಜನಪದ ಧಾಟಿಗಳಿಂದ ಅವರು ಮಾಲವತಿ, ಲಗನ್ ಗಾಂಧಾರ, ಸಹೇಲಿ ತೋಡಿ ಮುಂತಾದ ರಾಗಗಳನ್ನು ಹೊರತೆಗೆದರು. 'ಅನೂಪ ರಾಗ ವಿಲಾಸ' ಪುಸ್ತಕ ಬಂತು. ಕಬೀರರ ನಿರ್ಗುಣ ಭಜನೆಗಳಂತೂ ನೀವೆಲ್ಲ ಕೇಳಿಯೇ ಇರುತ್ತೀರಿ. 1961ರಲ್ಲಿ ಭಾನುಮತಿ ತೀರಿಕೊಂಡರು. ಆಮೇಲೆ ವಸುಂಧರಾ ಜೊತೆಯಾದರು, ವೇದಿಕೆಯ ಮೇಲೂ. 1990ರಲ್ಲಿ ಪದ್ಮವಿಭೂಷಣ. 1992ರ ಜನವರಿ 12ರಂದು ದೇವಾಸದಲ್ಲೇ ಕೊನೆಯುಸಿರು.

ನನಗೆ ಎಲ್ಲಕ್ಕಿಂತ ಇಷ್ಟ ಬಾಲಗಂಧರ್ವರ ರಂಗಗೀತೆಗಳನ್ನು ಅವರು ಹಾಡಿದ ಕಾರ್ಯಕ್ರಮ. ಅದರ ಮರಾಠಿ ಹೆಸರಿನ ಅರ್ಥ 'ನನಗೆ ತಿಳಿದ ಬಾಲಗಂಧರ್ವ'. ಹುಬೇಹೂಬು ಹಾಡಿಯೇ ಹೆಸರು ಮಾಡಿದ್ದ ಮನುಷ್ಯ, ನಲವತ್ತರ ಸುಮಾರಿಗೆ ಇನ್ನೊಬ್ಬರ ಹಾಡು ಎತ್ತಿಕೊಂಡು, 'ನನಗೆ ತಿಳಿದಂತೆ' ಅನ್ನುತ್ತಾನೆ ನೋಡಿ.

ಮೊನ್ನೆ ಅಕ್ಕನ ಫೋನಿಗೆ ಎರಡು ಲಿಂಕ್ ಕಳಿಸಿದೆ. ಒಂದು ಬಾಲಗಂಧರ್ವರ ಹಳೆಯ ರೆಕಾರ್ಡು, ಇನ್ನೊಂದು ಅದೇ ಹಾಡು ಕುಮಾರರದ್ದು. ರಾತ್ರಿ ಹುಡುಗಿಯೇ ಫೋನ್ ಮಾಡಿದಳು.

"ಮಾಮಾ, ಎರಡನೇದವ್ರು ಬ್ಯಾರೇನ ಹಾಡ್ಯಾರಲ್ಲ. ಮಾರ್ಕ್ಸ್ ಕಟ್ ಆಗೂದಿಲ್ಲೇನು?"

ಈ ಭಾನುವಾರ ಗೋಕಾಕಕ್ಕೆ ಹೊರಟಿದ್ದೇನೆ.