ಗೋಡೆ ಪಕ್ಕದ ಅರ್ಧ ಇಂಚು

ಎರಡು ನಾಟಕದ ಟಿಕೆಟ್ ದುಡ್ಡು ಒಟ್ಟು ಮಾಡಿ ನಮ್ಮ ತಾಲೀಮು ಕೋಣೆಗೆ ಮರದ ನೆಲ ಹಾಕಿಸಿದೆವು. ನೋಡಿದರೆ ಗೋಡೆ ಪಕ್ಕ ಸುತ್ತಲೂ ಅರ್ಧ ಇಂಚು ಸಂದು! ಕೆಲಸ ಅರ್ಧಂಬರ್ಧ ಆಗಿದೆ ಅಂತ ಪುಟ್ಟಿ ತುಂಬೋಕೆ ಹೊರಟೆವು. ಆಚಾರ್ರು ತಡೆದರು: "ಮಳೆಗಾಲಕ್ಕೆ ಮರ ಹಿಗ್ಗತ್ತಪ್ಪಾ. ಜಾಗ ಬಿಡದಿದ್ರೆ ಹಲಗೆ ಎದ್ದು ನಿಲ್ಲತ್ತೆ." ಬಿಸಿಲಿಗೆ ರೈಲು ಹಳಿ ಹಿಗ್ಗೋದನ್ನ ಪರೀಕ್ಷೇಲಿ ಬರೆದಿದ್ದ ನಮಗೆ, ತೇವಕ್ಕೆ ಮರ ಅಡ್ಡಡ್ಡ ಹಿಗ್ಗೋದು ಹೊಳೆದೇ ಇರಲಿಲ್ಲ.

ಸಂದು ಮುಚ್ಚೋ ಸ್ಕರ್ಟಿಂಗ್ ಪಟ್ಟಿಗೆ ಯಾವ ಬಣ್ಣ? ಎರಡು ದಿನ ಜಗಳ ಆಡಿದೆವು. ಗೋಡೆಯ ಹಾಗೆ ಬಿಳಿ ಬಳಿದರೆ ಚೆಂದ, ನಿಜ. ಆದ್ರೆ ದಿನಾ ಪೊರಕೆ, ಒದ್ದೆ ಬಟ್ಟೆ, ನಮ್ಮ ಕಾಲು ತಾಗೋ ಜಾಗ ಅದು. ಕೊನೆಗೆ ಮರದ ಪಾಲಿಶ್ಶೇ ಗೆದ್ದಿತು. ಅದನ್ನೂ ನೆಲಕ್ಕಿಂತ ಸ್ವಲ್ಪ ಗಾಢ ಮಾಡಿಸಿದೆವು. ಹೊಂದಿಸೋಕೆ ಹೋಗಿ ಚೂರು ತಪ್ಪಿದರೆ ಎಡವಟ್ಟು ಅನ್ನಿಸತ್ತೆ, ಗಾಢವಾದರೆ ಬೇಕಂತಲೇ ಮಾಡಿದ ಹಾಗಿರತ್ತೆ. ಮೊಳೆ ಗೋಡೆಗೆ ಮಾತ್ರ. ನೆಲಕ್ಕೆ ಹೊಡೆದರೆ ಸಂದು ಬಿಟ್ಟಿದ್ದೇ ದಂಡ.

ಈ ಮಳೆಗಾಲದಲ್ಲಿ ಕೋಣೆಯ ಬಾಗಿಲು ಉಬ್ಬಿ ಹಾಕೋಕೇ ಬರಲಿಲ್ಲ. ನೆಲ ಮಾತ್ರ ಮಟ್ಟಸವಾಗಿತ್ತು. ಪಟ್ಟಿಯ ಹಿಂದೆ ಅದು ಎಷ್ಟು ಸರಿದಿದೆಯೋ, ನಮಗೂ ಕಾಣಲ್ಲ.